ಸಂಜೆಯ ಮೈಗೆ ಹೊಂದುವ ಮನೆ

ಒಂದು ಹಂತಕ್ಕೆ ಬಂದು ನಿಂತುಬಿಟ್ಟ ಅಂಗವೈಕಲ್ಯಕ್ಕೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುವ ಅಂಗವೈಕಲ್ಯಕ್ಕೂ ಲೆಕ್ಕಾಚಾರ ಬೇರೆ. ಮೊದಲನೆಯದರಲ್ಲಿ ಒಮ್ಮೆ ಕಲಿತ ಉಪಾಯ ಬಹುಕಾಲ ಕೈಹಿಡಿಯುತ್ತದೆ. ಎರಡನೆಯದರಲ್ಲಿ, ಅದು ಸ್ನಾಯು ಕ್ಷಯಿಸುವ ಮಸ್ಕ್ಯುಲರ್ ಡಿಸ್ಟ್ರೋಫಿ ಇರಲಿ, ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಇರಲಿ, ನಡುಕ ಮತ್ತು ಬಿಗಿತ ತರುವ ಪಾರ್ಕಿನ್ಸನ್ಸ್ ಇರಲಿ, ಸ್ನಾಯುಗಳನ್ನು ನಡೆಸುವ ನರಗಳೇ ಸಾಯುವ ಮೋಟಾರ್ ನ್ಯೂರಾನ್ ಕಾಯಿಲೆ ಇರಲಿ, ಹೋದ ವರ್ಷ ಸಾಕಾಗಿದ್ದ ಉಪಾಯ ಈ ವರ್ಷ ಸಾಲುವುದಿಲ್ಲ. ಮನೆಯ ಏರ್ಪಾಡು ಯಾವಾಗಲೂ ಮೈಗಿಂತ ಒಂದು ಹೆಜ್ಜೆ ಹಿಂದೆ ಉಳಿದಿರುತ್ತದೆ. ಅದನ್ನು ಒಂದು ಹೆಜ್ಜೆ ಮುಂದೆ ತರುವುದು ಹೇಗೆ ಅನ್ನುವುದೇ ಈ ಬರಹ.

ಎಲ್ಲರೂ ಮಾಡುವ ತಪ್ಪೊಂದಿದೆ. ಬೆಳಿಗ್ಗೆ ನಿದ್ದೆ ಮಾಡಿ ಎದ್ದ ಮೈಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತೇವೆ. ಒಂಬತ್ತು ಗಂಟೆಗೆ ಒಂದೇ ಸಲಕ್ಕೆ ಏಳಲು ಬರುವ ಕುರ್ಚಿಯಿಂದ ಸಂಜೆ ಆರಕ್ಕೆ ಮೂರನೇ ಸಲಕ್ಕೆ ಏಳುತ್ತಿದ್ದರೂ ‘ನನಗೆ ಏಳಕ್ಕೆ ಬರುತ್ತೆ’ ಅಂತಲೇ ಹೇಳುತ್ತೇವೆ. ಕುರ್ಚಿ, ಕಂಬಿ, ಕೋಲು ಎಲ್ಲವೂ ಹೊಂದಬೇಕಾದ್ದು ಆ ಸಂಜೆಯ ಮೈಗೆ. ಸಂಜೆ ಅಂದರೆ ನಿಮ್ಮ ದಿನದ ಅತಿ ದುರ್ಬಲ ಹೊತ್ತು ಅಂತ ಇಟ್ಟುಕೊಳ್ಳಿ. ಪಾರ್ಕಿನ್ಸನ್ಸ್ ಇದ್ದವರಿಗೆ ಅದು ಮುಂದಿನ ಡೋಸ್ ಮಾತ್ರೆಗೆ ಸ್ವಲ್ಪ ಮುಂಚಿನ ಸಮಯವಾಗಿರಬಹುದು. ಮಲ್ಟಿಪಲ್ ಸ್ಕ್ಲೆರೋಸಿಸ್ ಇದ್ದವರಿಗೆ ಮೈ ಕಾದ ಹೊತ್ತು, ಅಂದರೆ ಜ್ವರ, ಬಿಸಿಲು, ಬಿಸಿನೀರಿನ ಸ್ನಾನ.

ಮೊದಲು ಕೂತಲ್ಲಿಂದ ಏಳುವುದನ್ನು ನೋಡೋಣ. ಹಾಸಿಗೆ, ಟಾಯ್ಲೆಟ್, ಕಾರಿನ ಸೀಟು, ಎಲ್ಲದರಲ್ಲೂ ಇರುವುದು ಇದೇ ಚಲನೆ. ಇದನ್ನು ಸರಿಮಾಡಿಕೊಂಡರೆ ಅರ್ಧ ದಿನ ಹಗುರಾಗುತ್ತದೆ.

ಮಂಡಿ ಹೆಚ್ಚು ಮಡಚಿದಷ್ಟೂ ಮೇಲೇಳಲು ತೊಡೆಗೆ ಹೆಚ್ಚು ಕೆಲಸ. ಆದ್ದರಿಂದ ವ್ಯಾಯಾಮಕ್ಕಿಂತ ಮೊದಲು ನೋಡಬೇಕಾದ್ದು ಆಸನದ ಎತ್ತರ. ಸಾಮಾನ್ಯ ಕುರ್ಚಿ ನೆಲದಿಂದ 43–45 ಸೆಂ.ಮೀ. ಇರುತ್ತದೆ. ಅದನ್ನು 50–55 ಸೆಂ.ಮೀ.ಗೆ ಏರಿಸಿದರೆ ಅದೇ ಕಾಲು, ಅದೇ ಬಲದಲ್ಲಿ, ಏಳುವುದು ಬೇರೆಯೇ ಕೆಲಸ ಅನ್ನಿಸುತ್ತದೆ. ಎಲ್ಲಿ ನಿಲ್ಲಿಸಬೇಕು? ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವ ಎತ್ತರದವರೆಗೆ ಮಾತ್ರ. ಅದಕ್ಕಿಂತ ಏರಿಸಿದರೆ ಕಾಲು ಜೋತುಬಿದ್ದು ತೊಡೆಯ ಅಡಿಭಾಗ ಒತ್ತುತ್ತದೆ, ಮೈ ಮುಂದಕ್ಕೆ ಜಾರುತ್ತದೆ. ಕುರ್ಚಿ, ಮಂಚದ ಕಾಲಿನಡಿ ಮರದ ದಿಮ್ಮಿ ಇಡುವುದಾದರೆ ಕಾಲು ಕೂರುವ ಜಾಗದಲ್ಲಿ 2–3 ಸೆಂ.ಮೀ. ಆಳದ ಗುಳಿ ಇರಲೇಬೇಕು. ಚಪ್ಪಟೆ ದಿಮ್ಮಿಯ ಮೇಲೆ ನಿಂತ ಕುರ್ಚಿ ನೀವು ಕೈಯೂರಿ ಒತ್ತಿದ ಕ್ಷಣವೇ ಹಿಂದಕ್ಕೆ ಜಾರುತ್ತದೆ. ಚಕ್ರವಿರುವ ಆಫೀಸ್ ಕುರ್ಚಿಯನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಸೋಫಾ ಎಷ್ಟು ಎತ್ತರ ಕಂಡರೂ ಕೂತಾಗ ಸೊಂಟ ಮಂಡಿಗಿಂತ ಕೆಳಗೆ ಹೂತುಹೋಗುತ್ತದೆ. ಮೆತ್ತೆಯ ಅಡಿಯಲ್ಲಿ ಪ್ಲೈವುಡ್ ಹಲಗೆ ಹಾಕಿದರೆ ಎಷ್ಟೋ ವಾಸಿ.

ಇನ್ನು ಏಳುವ ಕ್ರಮ. ಮೊದಲು ಪೃಷ್ಠವನ್ನು ಸೀಟಿನ ಅಂಚಿಗೆ ತನ್ನಿ. ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದು, ಭುಜದಷ್ಟು ಅಗಲ ಮಾಡಿ. ಎರಡೂ ಅಂಗೈ ಕುರ್ಚಿಯ ಕೈಗಳ ಮೇಲಿರಲಿ. ಮೂಗು ಕಾಲ್ಬೆರಳನ್ನು ದಾಟುವಷ್ಟು ಮುಂದಕ್ಕೆ ಬಾಗಿ, ಉಸಿರು ಬಿಡುತ್ತ ಹಿಮ್ಮಡಿ ಒತ್ತಿ ಮೇಲೇಳಿ. ಮುಂದಕ್ಕೆ ಬಾಗಲು ಹೆದರಿ ನೇರವಾಗಿ ಮೇಲೆದ್ದರೆ ತೂಕ ಹಿಂದೆಯೇ ಉಳಿದು ಮತ್ತೆ ಧೊಪ್ಪನೆ ಕೂರುತ್ತೀರಿ. ಏಳಲು ಆಗುತ್ತಿಲ್ಲ ಅನ್ನುವವರಲ್ಲಿ ಎಷ್ಟೋ ಜನರಿಗೆ ಆಗಿರುವುದು ಇದೇ, ಬಲ ಇನ್ನೂ ಉಳಿದಿರುತ್ತದೆ. ಎದುರಿಗಿರುವ ವಾಕರ್ ಹಿಡಿದು ಎಳೆದುಕೊಂಡು ಏಳುವುದು ಇನ್ನೊಂದು ತಪ್ಪು. ವಾಕರ್ ಇರುವುದು ಮೇಲಿನಿಂದ ಒತ್ತಲಿಕ್ಕೆ. ಎಳೆದರೆ ಅದು ನಿಮ್ಮ ಮೇಲೆಯೇ ಮಗುಚುತ್ತದೆ. ಪೂರ್ತಿ ನಿಂತ ಮೇಲೆ ಒಂದೊಂದೇ ಕೈಯನ್ನು ವಾಕರ್‌ಗೆ ಬದಲಾಯಿಸಿ.

ತೊಡೆಯ ಮುಂಭಾಗದ ಸ್ನಾಯು ಸೋತವರು ಮಂಡಿಯನ್ನು ಹಿಂದಕ್ಕೆ ತಳ್ಳಿ ಬೀಗ ಹಾಕಿದ ಹಾಗೆ ನಿಲ್ಲುತ್ತಾರೆ. ಅದು ಮೈ ತಾನಾಗಿ ಕಂಡುಕೊಂಡ ಉಪಾಯ, ಆ ನಿಲುವಿನಲ್ಲಿ ಸ್ನಾಯುವಿಗೆ ಕೆಲಸವೇ ಇಲ್ಲ. ಆದರೆ ಒಂದೆರಡು ಸೆಂ.ಮೀ. ಹಿಮ್ಮಡಿಯ ಚಪ್ಪಲಿ ಹಾಕಿದರೂ ಮಂಡಿ ಮುಂದಕ್ಕೆ ವಾಲಿ ಬೀಗ ಬಿಚ್ಚಿಕೊಳ್ಳುತ್ತದೆ. ಹಿಂದಿನಿಂದ ಯಾರಾದರೂ ಪ್ರೀತಿಯಿಂದ ಬೆನ್ನು ತಟ್ಟಿದರೂ ಸಾಕು. ಇವರಿಗೆ ಚಪ್ಪಟೆ ತಳದ, ಹಿಮ್ಮಡಿಗೆ ಪಟ್ಟಿಯಿರುವ, ಜಾರದ ಪಾದರಕ್ಷೆ ಬೇಕು. ಮನೆಯವರಿಗೆ ‘ಹಿಂದಿನಿಂದ ಮುಟ್ಟಬೇಡಿ’ ಅಂತ ಮೊದಲೇ ಹೇಳಿಡಬೇಕು.

ತಿಂಗಳಿಗೊಂದು ಸಲ, ಅದೇ ಕುರ್ಚಿ, ಅದೇ ಸಂಜೆಯ ಹೊತ್ತು, ಐದು ಸಲ ಕೂತು ಎದ್ದು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದಿಡಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಕೈಯೂರಬೇಕಾಯಿತೇ, ಎಷ್ಟನೆಯ ಸಲಕ್ಕೆ ನಿಲ್ಲಿಸಿದಿರಿ ಅನ್ನುವುದೂ ಇರಲಿ. ನಿಧಾನವಾಗಿ ಕಳೆಯುವ ಶಕ್ತಿ ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವುದಿಲ್ಲ, ಕಾಗದದ ಮೇಲೆ ಕಾಣುತ್ತದೆ. ನಾನು ಹೇಳುವ ನಿಯಮ ಇಷ್ಟೇ: ಕೈಯೂರದೆ ಏಳಲು ಆಗದ ತಿಂಗಳೇ ಬಚ್ಚಲುಮನೆಯ ಕಂಬಿ ಗೋಡೆಗೆ ಏರಬೇಕು. ಬಿದ್ದ ಮೇಲಲ್ಲ.

ಬಚ್ಚಲುಮನೆಯಲ್ಲಿ ಮೊದಲ ಕೆಲಸ ಬಾಗಿಲಿನದು. ಒಳಕ್ಕೆ ತೆರೆಯುವ ಬಾಗಿಲಾದರೆ ಅದರ ಹಿಂದೆ ಬಿದ್ದವರ ಮೈಯೇ ಅಗುಳಿಯಾಗುತ್ತದೆ, ಹೊರಗಿನವರು ಒಳಗೆ ಬರಲು ಆಗುವುದಿಲ್ಲ. ಹೊರಕ್ಕೆ ತೆರೆಯುವ ಹಾಗೆ ಬದಲಿಸಿ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದಿರಲಿ.

ಹಿಡಿದುಕೊಳ್ಳುವ ಕಂಬಿ 3–4 ಸೆಂ.ಮೀ. ದಪ್ಪ, ಗೋಡೆಯಿಂದ ಸುಮಾರು 4 ಸೆಂ.ಮೀ. ದೂರ. ಈ ಸಂದಿ ದೊಡ್ಡದಾದರೆ ಜಾರಿದಾಗ ಮುಂಗೈ ಒಳಗೆ ಸಿಕ್ಕಿ ಮೂಳೆ ಮುರಿಯುತ್ತದೆ. ಟವೆಲ್ ಹಾಕುವ ಕಂಬಿ ಮೈಯ ಭಾರಕ್ಕೆ ಮಾಡಿದ್ದಲ್ಲ. ರಬ್ಬರ್ ಬಟ್ಟಲಿನಿಂದ ಟೈಲ್ಸ್‌ಗೆ ಅಂಟುವ ಕಂಬಿಗಳನ್ನೂ ನಂಬಬೇಡಿ. ಒಳಗಿನ ಗಾಳಿ ಸದ್ದಿಲ್ಲದೆ ಸೇರಿ ಸಡಿಲವಾಗಿರುತ್ತದೆ, ಗೊತ್ತಾಗುವುದು ಭಾರ ಬಿದ್ದಾಗಲೇ. ತಿರುಪು ಟೈಲ್ಸ್ ದಾಟಿ ಗಟ್ಟಿ ಇಟ್ಟಿಗೆ ಅಥವಾ ಕಾಂಕ್ರೀಟಿಗೆ ಹೋಗಬೇಕು. ತೆಳು ಗೋಡೆಯಾದರೆ ಹಿಂಬದಿಗೆ ಹಲಗೆ ಕೊಟ್ಟು ಬಿಗಿಯಬೇಕು. ಮಾಪನದ ಪುಸ್ತಕಗಳು ನೆಲದಿಂದ 84–91 ಸೆಂ.ಮೀ. ಎತ್ತರ ಹೇಳುತ್ತವೆ. ಅದನ್ನು ಕಣ್ಣುಮುಚ್ಚಿ ಪಾಲಿಸಬೇಡಿ. ಭುಜದ ಸ್ನಾಯು ಸೋತವರಿಗೆ ಕೈ ಅಲ್ಲಿಯವರೆಗೆ ಏರುವುದೇ ಇಲ್ಲ. ಕಮೋಡಿನ ಮೇಲೆ ಕೂತು, ಬಟ್ಟೆ ಹಾಕಿಕೊಂಡೇ, ಸಂಜೆಯ ಹೊತ್ತಿನಲ್ಲಿ ಕೈ ತಾನಾಗಿ ಹೋಗುವ ಕಡೆ ಪೆನ್ಸಿಲಿನಿಂದ ಗುರುತು ಹಾಕಿಸಿ. ಒತ್ತಿ ಏಳುವವರಿಗೆ ಅಡ್ಡ ಕಂಬಿ, ಎಳೆದು ಏಳುವವರಿಗೆ ನೆಟ್ಟನೆಯದು. ಎರಡರಲ್ಲಿ ಯಾವುದು ಅನ್ನುವುದು ಮುಂದೆ ಬದಲಾಗಬಹುದು, ಆದ್ದರಿಂದ ಎರಡಕ್ಕೂ ಗೋಡೆಯನ್ನು ಒಂದೇ ಸಲ ಸಿದ್ಧ ಮಾಡಿಸಿಬಿಡಿ.

ಸ್ನಾನ ಕೂತೇ ಮಾಡಿ. ರಬ್ಬರ್ ಪಾದದ, ಬೆನ್ನೊರಗಿರುವ ಕುರ್ಚಿ, ಕೈಗೆ ಸಿಗುವ ಶವರ್. ಸ್ನಾನವಾದ ಮೇಲೆ ಮೈ ಒರೆಸುವುದೇ ಸ್ನಾನಕ್ಕಿಂತ ದಣಿವು ತರುವ ಕೆಲಸ. ಒರೆಸುವ ಬದಲು ಟವೆಲ್ ಬಟ್ಟೆಯ ನಿಲುವಂಗಿ ತೊಟ್ಟು ಹತ್ತು ನಿಮಿಷ ಕೂತರೆ ಅದೇ ನೀರು ಹೀರುತ್ತದೆ.

ಟಾಯ್ಲೆಟ್‌ಗೆ ಹೋಗುವುದು ಕಷ್ಟವಾದ ಕೂಡಲೇ ಜನ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಯಾರಿಗೂ ಹೇಳದೆ ಮಾಡುತ್ತಾರೆ. ಮಲಬದ್ಧತೆ, ಮೂತ್ರದ ಸೋಂಕು, ಕಲ್ಲು, ಸೋಂಕಿನಿಂದ ಮತ್ತಷ್ಟು ನಿಶ್ಶಕ್ತಿ, ಇವೆಲ್ಲ ಅದರ ಬಾಲ. ಹಗಲಲ್ಲಿ ಸರಿಯಾಗಿ ಕುಡಿದು ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡುವುದು, ಹಾಸಿಗೆಯ ಬಳಿ ಯೂರಿನಲ್ ಅಥವಾ ಕಮೋಡ್ ಕುರ್ಚಿ ಇಡುವುದು, ಲಾಡಿ ಗುಂಡಿಗಳ ಬದಲು ಎಲಾಸ್ಟಿಕ್ ಬಳಸುವುದು, ಇವು ನೀರು ಬಿಡುವುದಕ್ಕಿಂತ ನೂರು ಪಾಲು ಒಳ್ಳೆಯ ದಾರಿಗಳು.

ವ್ಯಾಯಾಮದ ಬಗ್ಗೆ ‘ಹೆಚ್ಚು ಮಾಡಿದಷ್ಟೂ ಬಲ ಬರುತ್ತೆ’ ಅನ್ನುವ ಮಾತು ಸ್ನಾಯು ಕ್ಷಯಿಸುವ ಕಾಯಿಲೆಗಳಿಗೆ ಹೊಂದುವುದಿಲ್ಲ. ಪೂರ್ತಿ ಬಿಟ್ಟುಬಿಡುವುದೂ ತಪ್ಪು, ಏಕೆಂದರೆ ಬಳಸದ ಸ್ನಾಯು ಕಾಯಿಲೆಗಿಂತ ಬೇಗ ಸೊರಗುತ್ತದೆ, ಕೀಲು ಬಿಗಿಯುತ್ತದೆ. ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಅತಿ ಹಾನಿ ಮಾಡುವುದು ಸ್ನಾಯು ಉದ್ದವಾಗುತ್ತ ಭಾರ ತಡೆಯುವ ಚಲನೆ. ಮೆಟ್ಟಿಲು ಇಳಿಯುವುದು, ಭಾರವನ್ನು ನಿಧಾನವಾಗಿ ಕೆಳಗಿಡುವುದು ಈ ಜಾತಿಯವು. ಅತಿಯಾಯಿತು ಅಂತ ತಿಳಿಯುವ ಗುರುತು ಹೀಗಿವೆ: ವ್ಯಾಯಾಮ ಮುಗಿದು ಅರ್ಧ ಗಂಟೆಯಲ್ಲಿ ಹುರುಪು ಬರುವ ಬದಲು ಮೈ ಸೋಲುವುದು, ಒಂದೆರಡು ದಿನ ಬಿಡದ ನೋವು, ಕಾಲು ಸೀಸದ ಹಾಗೆ ಭಾರವಾಗುವುದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಒಡೆದ ಸ್ನಾಯುವಿನ ಅಂಶ ಮೂತ್ರಪಿಂಡಕ್ಕೆ ಹೋಗುತ್ತಿದೆ ಅಂತ ಅರ್ಥ. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಕೋಲಿನ ವಿಷಯ ಚುಟುಕಾಗಿ. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಎತ್ತರಕ್ಕೆ ಕೋಲಿನ ಹಿಡಿ ಬರಬೇಕು. ಹಿಡಿಯಬೇಕಾದ್ದು ಸೋತ ಕಾಲಿನ ಎದುರು ಬದಿಯ ಕೈಯಲ್ಲಿ. ತುದಿಯ ರಬ್ಬರಿನ ಗೀರುಗಳು ಸವೆದಿದ್ದರೆ ಒದ್ದೆ ನೆಲದಲ್ಲಿ ಆ ಕೋಲು ಆಸರೆಯಲ್ಲ, ಅಪಾಯ.

ಬಿದ್ದಾಗ ಸುತ್ತಲಿನವರು ಗಾಬರಿಯಲ್ಲಿ ಕಂಕುಳಿಗೆ ಕೈಹಾಕಿ ಎತ್ತುತ್ತಾರೆ. ಭುಜದ ಸ್ನಾಯು ಸೋತವರ ತೋಳು ಆ ಎಳೆತಕ್ಕೆ ಕೀಲಿನಿಂದ ಸರಿಯಬಹುದು. ಎತ್ತುವವರ ಬೆನ್ನೂ ಹೋಗುತ್ತದೆ. ಮೊದಲ ಎರಡು ನಿಮಿಷ ಯಾರೂ ಮುಟ್ಟಬಾರದು. ತಲೆಗೆ ಪೆಟ್ಟಾಗಿದೆಯೇ, ಸೊಂಟ ನೋಯುತ್ತಿದೆಯೇ, ಕಾಲು ಅಲುಗಿಸಲು ಬರುತ್ತದೆಯೇ ಅಂತ ಬಿದ್ದವರೇ ನೋಡಿಕೊಳ್ಳಲಿ. ಪೆಟ್ಟಿಲ್ಲ ಅಂತಾದರೆ 10–15 ಸೆಂ.ಮೀ.ನ ಗಟ್ಟಿ ಮಣೆ, ಆಮೇಲೆ ಅದರ ಎರಡರಷ್ಟು ಎತ್ತರದ ಸ್ಟೂಲು, ಆಮೇಲೆ ಕುರ್ಚಿ, ಹೀಗೆ ಹಂತ ಹಂತವಾಗಿ ಪೃಷ್ಠವನ್ನು ಏರಿಸುತ್ತ ಬರುವುದು ಸುರಕ್ಷಿತ. ಸಹಾಯಕ್ಕೆ ನಿಂತವರು ಸೊಂಟದ ಪಟ್ಟಿ ಹಿಡಿಯಲಿ, ತೋಳನ್ನಲ್ಲ. ಈ ಮಣೆ ಸ್ಟೂಲುಗಳ ಸಾಲನ್ನು ಬೀಳುವ ಮುಂಚೆಯೇ ಒಂದು ಸಲ ಅಭ್ಯಾಸ ಮಾಡಿ. ಫೋನ್ ಮೇಜಿನ ಮೇಲಿದ್ದರೆ ಬಿದ್ದವರಿಗೆ ಅದು ಇದ್ದೂ ಇಲ್ಲ, ಕೊರಳಿಗೆ ಹಾಕಿಕೊಳ್ಳಿ.

ವೀಲ್‌ಚೇರ್ ಬಗ್ಗೆ ಮನಸ್ಸು ಬಿಚ್ಚಿ ಹೇಳಬೇಕು. ಅದನ್ನು ‘ನಡಿಗೆ ಮುಗಿದ ದಿನ’ದ ಗುರುತು ಅಂತ ನೋಡಿ ವರ್ಷಗಟ್ಟಲೆ ಮುಂದೂಡುವವರು ಆ ವರ್ಷಗಳಲ್ಲಿ ಮನೆಯಿಂದ ಹೊರಗೆ ಹೋಗುವುದನ್ನೇ ಬಿಟ್ಟಿರುತ್ತಾರೆ. ಮನೆಯೊಳಗೆ ನಡೆಯುವುದು, ದೂರಕ್ಕೆ ವೀಲ್‌ಚೇರ್, ಇದು ಸೋಲಲ್ಲ. ಹೊರಗೆ ಉಳಿಸಿದ ಬಲ ಸಂಜೆ ಮನೆಯೊಳಗೆ ಹಾಸಿಗೆಯವರೆಗೆ ನಡೆಯಲು ಸಿಗುತ್ತದೆ.

ಅಳತೆ ತಪ್ಪಿದ ವೀಲ್‌ಚೇರ್ ಮಾತ್ರ ಕಾಯಿಲೆಗಿಂತ ಬೇಗ ಮೈ ಕೆಡಿಸುತ್ತದೆ. ಸೀಟಿನ ಅಗಲ ಸೊಂಟದ ಅಗಲಕ್ಕಿಂತ 2–3 ಸೆಂ.ಮೀ. ಹೆಚ್ಚಿದ್ದರೆ ಸಾಕು. ‘ಇನ್ನೂ ಸ್ವಲ್ಪ ದೊಡ್ಡದಿರಲಿ’ ಅಂತ ತಂದರೆ ಮೈ ಒಂದು ಬದಿಗೆ ವಾಲಿ ಬೆನ್ನುಮೂಳೆ ಸೊಟ್ಟಗಾಗುವುದಕ್ಕೆ ದಾರಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಆಡಬೇಕು. ಕಾಲಿಡುವ ಪಟ್ಟಿ ನೆಲದಿಂದ ಕನಿಷ್ಠ 5 ಸೆಂ.ಮೀ. ಮೇಲಿರಬೇಕು. ಅದು ತೀರಾ ಮೇಲಿದ್ದರೆ ಮಂಡಿ ಎದ್ದು ಭಾರವೆಲ್ಲ ಕೂರುವ ಮೂಳೆಯ ಮೇಲೆ ಬೀಳುತ್ತದೆ.

ಬ್ರೇಕ್ ಹಿಡಿಯುತ್ತಿಲ್ಲ ಅನ್ನುವ ದೂರು ಬಂದಾಗ ಜನ ಬ್ರೇಕನ್ನೇ ಬಿಗಿಮಾಡಲು ಹೊರಡುತ್ತಾರೆ. ಮೊದಲು ಟೈರ್ ಒತ್ತಿ ನೋಡಿ. ಕೈಯಿಂದ ತಳ್ಳುವ ವೀಲ್‌ಚೇರಿನ ಬ್ರೇಕ್ ಅಂದರೆ ಟೈರಿನ ಮೇಲೆ ಒತ್ತಿ ನಿಲ್ಲುವ ಒಂದು ಲೋಹದ ತುಂಡು ಅಷ್ಟೇ. ಗಾಳಿ ಇಳಿದು ಟೈರ್ ಕುಗ್ಗಿದರೆ ಆ ತುಂಡಿಗೆ ಒತ್ತಲು ಏನೂ ಸಿಗುವುದಿಲ್ಲ, ಹಾಸಿಗೆಗೆ ದಾಟುವ ಹೊತ್ತಿಗೆ ಕುರ್ಚಿ ಹಿಂದೆ ಸರಿದುಬಿಡುತ್ತದೆ. ವಾರಕ್ಕೊಮ್ಮೆ ಗಾಳಿ ನೋಡುವುದು ಅಭ್ಯಾಸವಾಗಲಿ. ಅದೇ ಹೊತ್ತಿಗೆ ಮುಂದಿನ ಪುಟ್ಟ ಚಕ್ರಗಳ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರವನ್ನು ಕತ್ತರಿಸಿ ತೆಗೆಯಿರಿ. ಮೆಟ್ಟಿಲಿಗೆ ಇಳಿಜಾರು ಕಟ್ಟಿಸುವುದಾದರೆ ಅಳತೆ 1ಕ್ಕೆ 12. ಅಂದರೆ 15 ಸೆಂ.ಮೀ. ಎತ್ತರದ ಒಂದು ಮೆಟ್ಟಿಲಿಗೆ 180 ಸೆಂ.ಮೀ. ಉದ್ದ. ಜಾಗವಿಲ್ಲ ಅಂತ ಕಡಿದಾಗಿ ಕಟ್ಟಿದ ಇಳಿಜಾರಿನಲ್ಲಿ ಮೇಲೇರುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ.

ಗಾಳಿಯ ಕುಶನ್ ಬಳಸುವವರು ಪರೀಕ್ಷಿಸಬೇಕಾದ ರೀತಿ ಹೀಗೆ. ಮೊದಲು ಸ್ವಲ್ಪ ಹೆಚ್ಚೇ ಗಾಳಿ ತುಂಬಿ. ದಿನವೂ ಕೂರುವ ಭಂಗಿಯಲ್ಲಿ, ಪಾದಗಳನ್ನು ಪಟ್ಟಿಯ ಮೇಲಿಟ್ಟು ಕೂತುಕೊಳ್ಳಿ. ಇನ್ನೊಬ್ಬರು ಕುಶನ್ ಮತ್ತು ಪೃಷ್ಠದ ನಡುವೆ ಅಂಗೈ ಮೇಲ್ಮುಖವಾಗಿ ತೂರಿಸಿ, ಅತಿ ಕೆಳಗೆ ಚಾಚಿದ ಮೂಳೆಯನ್ನು ಹುಡುಕಬೇಕು. ಆ ಮೂಳೆಗೂ ಕುಶನ್ನಿನ ತಳಕ್ಕೂ ನಡುವೆ 1.3ರಿಂದ 2.5 ಸೆಂ.ಮೀ. ಉಳಿಯುವವರೆಗೆ ಗಾಳಿ ಬಿಡುತ್ತ ಬರಬೇಕು. ಗಾಳಿ ಹೆಚ್ಚಿದ್ದರೆ ಮೈ ತೇಲಿದಂತಾಗಿ ತೂಗಾಡುತ್ತದೆ, ಕಡಿಮೆಯಾದರೆ ಮೂಳೆ ತಳಕ್ಕೆ ತಾಗಿ ಬೆಡ್‌ಸೋರ್, ಅಂದರೆ ಒತ್ತಡದ ಹುಣ್ಣು, ಶುರುವಾಗುತ್ತದೆ. ಎಂಥ ಕುಶನ್ ಇದ್ದರೂ 15–30 ನಿಮಿಷಕ್ಕೊಮ್ಮೆ ಮೈ ಮುಂದಕ್ಕೋ ಪಕ್ಕಕ್ಕೋ ವಾಲಿಸಿ ಎರಡು ನಿಮಿಷ ಹಾಗೇ ಇರಬೇಕು. ಕೈಯೂರಿ ಐದು ಸೆಕೆಂಡ್ ಎತ್ತಿ ಇಳಿಸಿದರೆ ಒತ್ತಿದ ಜಾಗಕ್ಕೆ ರಕ್ತ ಪೂರ್ತಿ ಮರಳುವುದಿಲ್ಲ. ರಾತ್ರಿ ಮಲಗುವಾಗ ಚರ್ಮ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಮೊದಲ ಹಂತ. ಚರ್ಮ ಕಪ್ಪಗಿರುವವರಲ್ಲಿ ಬಣ್ಣ ಸರಿಯಾಗಿ ಕಾಣದು, ಸುತ್ತಲಿಗಿಂತ ಬಿಸಿ ಅಥವಾ ಗಟ್ಟಿ ಇದೆಯೇ ಅಂತ ಮುಟ್ಟಿ ನೋಡಬೇಕು. ಅಂಥ ಜಾಗದ ಮೇಲೆ ಮತ್ತೆ ಭಾರ ಬೀಳಬಾರದು, ಉಜ್ಜಲೂಬಾರದು.

ಕೈಗಳ ವಿಷಯದಲ್ಲಿ ಉಪಾಯಗಳು ಸುಲಭ. ಚಮಚ, ಪೆನ್ನು, ಹಲ್ಲುಜ್ಜುವ ಬ್ರಷ್ಷಿಗೆ ಫೋಮ್ ಕೊಳವೆ ತೊಡಿಸಿ ಹಿಡಿ ದಪ್ಪ ಮಾಡಿ. ತೋಳು ಏಳದವರು ತಟ್ಟೆಯನ್ನು 10–15 ಸೆಂ.ಮೀ. ಎತ್ತರಿಸಿ ಮೊಣಕೈಯನ್ನು ಮೇಜಿಗೂರಲಿ, ಆಗ ಭುಜದ ಕೆಲಸವನ್ನು ಮೇಜು ಮಾಡುತ್ತದೆ. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಫೋನಿನಲ್ಲಿ ಧ್ವನಿಯಿಂದ ನಡೆಸುವ ಸೌಲಭ್ಯ ಈಗಲೇ ಇದೆ, ಕನ್ನಡದಲ್ಲೇ ಮಾತಾಡಿ ಟೈಪ್ ಮಾಡಿಸಬಹುದು. ಬೆರಳು ಇನ್ನೂ ಆಡುತ್ತಿರುವಾಗಲೇ ಅದನ್ನು ಕಲಿಯಿರಿ. ಮೋಟಾರ್ ನ್ಯೂರಾನ್ ಕಾಯಿಲೆ ಇದ್ದವರು ಸ್ವರ ಸ್ಪಷ್ಟವಾಗಿರುವಾಗಲೇ ತಮ್ಮ ದನಿಯನ್ನು ರೆಕಾರ್ಡ್ ಮಾಡಿಡಬೇಕು. ಮಕ್ಕಳ ಹೆಸರು ಕರೆಯುವುದು, ನಗು, ದಿನಾ ಆಡುವ ಮಾತು. ತೊದಲು ಶುರುವಾದ ಮೇಲೆ ಆ ದನಿ ಮತ್ತೆ ಸಿಗುವುದಿಲ್ಲ.

ಕಾಲಿನ ಬಲ ಹೋಗುವುದು ಎಲ್ಲರಿಗೂ ಕಾಣುತ್ತದೆ, ಉಸಿರಿನ ಬಲ ಹೋಗುವುದು ಕಾಣುವುದಿಲ್ಲ. ಓಡಾಟವೇ ಇಲ್ಲದವರಿಗೆ ಏದುಸಿರು ಬರುವ ಸಂದರ್ಭವೂ ಇಲ್ಲ. ಗುರುತುಗಳು ಬೇರೆ ಕಡೆಯಿಂದ ಬರುತ್ತವೆ: ಬೆಳಿಗ್ಗೆ ಎದ್ದಾಗ ತಲೆನೋವು, ಎಂಟು ಗಂಟೆ ಮಲಗಿದರೂ ಹಗಲಲ್ಲಿ ತೂಕಡಿಕೆ, ಅಂಗಾತ ಮಲಗಲು ಆಗದೆ ದಿಂಬಿನ ಮೇಲೆ ದಿಂಬು, ವಾಕ್ಯ ಮುಗಿಸುವ ಮುಂಚೆ ಉಸಿರು ಬೇಕೆನಿಸುವುದು, ಕೆಮ್ಮಿದರೆ ಸದ್ದು ಬರದಿರುವುದು. ರಾತ್ರಿ ನಿದ್ದೆಯಲ್ಲಿ ಉಸಿರು ಆಳವಾಗಿ ಆಗದೆ ಇಂಗಾಲದ ಡೈ ಆಕ್ಸೈಡ್ ಒಳಗೇ ಉಳಿಯುವುದರಿಂದ ಹೀಗಾಗುತ್ತದೆ. ಶ್ವಾಸಕೋಶದ ಪರೀಕ್ಷೆಯನ್ನು ಕೂತು ಒಮ್ಮೆ, ಮಲಗಿ ಒಮ್ಮೆ ಮಾಡಿಸಿ. ಮಲಗಿದಾಗ ಉಸಿರಿನ ಅಳತೆ ಕಾಲು ಭಾಗಕ್ಕಿಂತ ಹೆಚ್ಚು ಇಳಿದರೆ ವಪೆಯ ಸ್ನಾಯು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರೆಳೆಯುವ ಮುಖ್ಯ ಸ್ನಾಯು, ಸೋತಿದೆ ಅನ್ನುವ ಸೂಚನೆ. ಕೆಮ್ಮಿನ ಬಲವನ್ನೂ, ಅಂದರೆ ಕೆಮ್ಮಿದಾಗ ಗಾಳಿ ಹೊರಬರುವ ವೇಗವನ್ನೂ, ಅಳೆಯಬಹುದು. ವಯಸ್ಕರಲ್ಲಿ ಅದು ನಿಮಿಷಕ್ಕೆ 270 ಲೀಟರ್‌ಗಿಂತ ಇಳಿದರೆ ಶೀತ, ಕಫ ಬಂದಾಗ ಕೆಮ್ಮಿಗೆ ಹೊರಗಿನ ಸಹಾಯ ಬೇಕಾಗುತ್ತದೆ. 160ಕ್ಕಿಂತ ಕೆಳಗೆ ಕಫ ತಾನಾಗಿ ಹೊರಬರುವುದೇ ಕಷ್ಟ. ಇಂಥವರಿಗೆ ಬೇಕಾಗುವುದು ರಾತ್ರಿ ಮಾಸ್ಕಿನಿಂದ ಉಸಿರಿಗೆ ಆಸರೆ ಕೊಡುವ ಬೈಪ್ಯಾಪ್ ಯಂತ್ರ. ಬರೀ ಆಮ್ಲಜನಕ ಕೊಟ್ಟರೆ ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಒಳಗೆ ಇಂಗಾಲದ ಡೈ ಆಕ್ಸೈಡ್ ಏರುತ್ತಲೇ ಹೋಗಬಹುದು.

ತುರ್ತು ವಿಭಾಗದಲ್ಲಿ ಎದುರಿಗಿರುವ ವೈದ್ಯರಿಗೆ ಇದೆಲ್ಲ ಮೊದಲೇ ಗೊತ್ತಿರಬೇಕೆಂದೇನಿಲ್ಲ. ಆದ್ದರಿಂದ ಒಂದು ಹಾಳೆ ಬರೆದಿಡಿ. ಕಾಯಿಲೆಯ ಪೂರ್ತಿ ಹೆಸರು, ಮಾತ್ರೆಗಳು ಮತ್ತು ಅವುಗಳ ಹೊತ್ತು, ಬೈಪ್ಯಾಪ್ ಬಳಸುವವರಾದರೆ ಅದರ ಸೆಟ್ಟಿಂಗ್ ಇರಲಿ, ಆಸ್ಪತ್ರೆಗೆ ಹೊರಡುವಾಗ ಯಂತ್ರವೂ ಜೊತೆಗೆ ಹೋಗಲಿ. ‘ಇಂಗಾಲದ ಡೈ ಆಕ್ಸೈಡ್ ಪರೀಕ್ಷಿಸದೆ ಬರೀ ಆಮ್ಲಜನಕ ಕೊಡಬೇಡಿ’ ಅನ್ನುವ ಸಾಲು ದೊಡ್ಡ ಅಕ್ಷರದಲ್ಲಿರಲಿ. ಮಸ್ಕ್ಯುಲರ್ ಡಿಸ್ಟ್ರೋಫಿ, ಮೋಟಾರ್ ನ್ಯೂರಾನ್ ಕಾಯಿಲೆ ಇದ್ದವರಿಗೆ ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧ ಬಳಸಿದರೆ ರಕ್ತದಲ್ಲಿ ಪೊಟ್ಯಾಸಿಯಂ ಹಠಾತ್ತನೆ ಏರಿ ಹೃದಯ ನಿಲ್ಲುವ ಅಪಾಯವಿದೆ, ಅದೂ ಬರಲಿ. ಮಸ್ಕ್ಯುಲರ್ ಡಿಸ್ಟ್ರೋಫಿಯಲ್ಲಿ ಸಾಮಾನ್ಯವಾಗಿ ಯಕೃತ್ತಿನ ಸ್ಥಿತಿ ತಿಳಿಯಲು ರಕ್ತಪರೀಕ್ಷೆಯಲ್ಲಿ ನೋಡುವ ಎಎಲ್‌ಟಿ, ಎಎಸ್‌ಟಿ ಅಂಕಿ ಹೆಚ್ಚಿರುವುದು ಸ್ನಾಯುವಿನಿಂದ, ಯಕೃತ್ತಿನ ಕಾಯಿಲೆಯಿಂದಲೇ ಆಗಿರಬೇಕಿಲ್ಲ ಅಂತಲೂ ಬರೆಯಿರಿ. ಪಾರ್ಕಿನ್ಸನ್ಸ್ ಇದ್ದವರು ‘ಮಾತ್ರೆಯ ಹೊತ್ತು ತಪ್ಪಿಸಬೇಡಿ, ವಾಂತಿಗೆ ಮೆಟೊಕ್ಲೋಪ್ರಮೈಡ್ ಕೊಡಬೇಡಿ’ ಅಂತ ಬರೆಯಬೇಕು. ಕೊನೆಗೆ ಎತ್ತುವ, ಹೊರಳಿಸುವ ರೀತಿ ಎರಡೇ ಸಾಲಿನಲ್ಲಿ: ತೋಳು ಹಿಡಿದು ಎಳೆಯಬೇಡಿ, ತಲೆ ಸ್ವಲ್ಪ ಎತ್ತರದಲ್ಲಿರಲಿ. ನಿಮ್ಮ ವೈದ್ಯರಿಗೆ ತೋರಿಸಿ ಸಹಿ ಹಾಕಿಸಿ. ಒಂದು ಪ್ರತಿ ವೀಲ್‌ಚೇರಿನ ಚೀಲದಲ್ಲಿ, ಒಂದು ಬಾಗಿಲ ಹಿಂದೆ, ಒಂದು ಫೋಟೋ ಮನೆಯವರೆಲ್ಲರ ಫೋನಿನಲ್ಲಿ. ಆರು ತಿಂಗಳಿಗೊಮ್ಮೆ ಮಾತ್ರೆಗಳ ಪಟ್ಟಿ ತಿದ್ದುವಾಗ ಮೇಲ್ಗಡೆ ದಿನಾಂಕ ಹಾಕುವುದನ್ನು ಮರೆಯಬೇಡಿ. ದಿನಾಂಕವಿಲ್ಲದ ಹಾಳೆಯನ್ನು ತುರ್ತು ವಿಭಾಗದವರು ಹಳೆಯದೆಂದು ಪಕ್ಕಕ್ಕಿಡುತ್ತಾರೆ.